ಶಾಲೆ–ವಿಶ್ವವಿದ್ಯಾಲಯ ಸಹಭಾಗಿತ್ವ: ಉತ್ತಮವಾದುದನ್ನು ಗುರುತಿಸುವ ಬಗೆ

ಶಾಲೆಗಳು ಮತ್ತು ವಿಶ್ವವಿದ್ಯಾಲಯಗಳು ಒಟ್ಟುಗೂಡಿ ನಡೆಸುವ ಶೈಕ್ಷಣಿಕ ಕಾರ್ಯಗಳ ಬಗ್ಗೆ ಮುಖ್ಯೋಪಾಧ್ಯಾಯರು, ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು, ಶಿಕ್ಷಣ ಮಹಾವಿದ್ಯಾಲಯಗಳ ಪ್ರಾಂಶುಪಾಲರು ಹಾಗೂ ಪೋಷಕರ ಮಾಹಿತಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಸಹಭಾಗಿತ್ವಕ್ಕಾಗಿ ಪ್ರಸ್ತಾವನೆ ಸಲ್ಲಿಸುವವರು, ನಡೆಯುತ್ತಿರುವ ಸಹಭಾಗಿತ್ವವನ್ನು ಯಾವುದೇ ಮನ್ನಣೆಗೆ ಶಿಫಾರಸು ಮಾಡುವವರು ಹಾಗೂ ಅಂತಹ ಶಿಫಾರಸುಗಳನ್ನು ಪರಿಶೀಲಿಸುವವರು ಇದನ್ನು ಬಳಸಿಕೊಳ್ಳಬಹುದು. ಇದು ಅಧಿಸೂಚನೆಯಲ್ಲ, ಇದರಲ್ಲಿ ಯಾವುದೇ ಹೊಸ ಪ್ರಶಸ್ತಿಯನ್ನು ಪ್ರಕಟಿಸಲಾಗಿಲ್ಲ.

ಸಹಭಾಗಿತ್ವ ಎಂದರೇನು?

ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಶಾಲಾ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದು ಭಾಷಣ ಮಾಡಿ ಹೋಗುವುದು ಸಹಭಾಗಿತ್ವವಲ್ಲ. ಸಂಶೋಧನಾ ವಿದ್ಯಾರ್ಥಿಯೊಬ್ಬರು ಪ್ರಶ್ನಾವಳಿಯನ್ನು ತಂದು ಏಳನೆಯ ತರಗತಿಯ ಮಕ್ಕಳಿಂದ ಭರ್ತಿ ಮಾಡಿಸಿಕೊಂಡು, ಮತ್ತೆ ಆ ಊರಿನ ಕಡೆಗೆ ತಲೆ ಹಾಕದಿರುವುದೂ ಸಹಭಾಗಿತ್ವವಲ್ಲ. ಇವೆರಡೂ ಆಗಾಗ ವರದಿಗಳಲ್ಲಿ ಆ ಹೆಸರಿನಿಂದಲೇ ನಮೂದಾಗುತ್ತವೆ ಎಂಬ ಕಾರಣದಿಂದ ಇದನ್ನು ಮೊದಲೇ ಹೇಳಬೇಕಾಗಿದೆ.

ಎರಡೂ ಸಂಸ್ಥೆಗಳು ಲಿಖಿತ ಒಪ್ಪಂದದ ಮೇರೆಗೆ, ನಿಗದಿತ ಅವಧಿಯವರೆಗೆ, ಮಕ್ಕಳ ಕಲಿಕೆಯನ್ನೂ ಶಿಕ್ಷಕರ ಸಿದ್ಧತೆಯನ್ನೂ ಉತ್ತಮಪಡಿಸುವ ಹೊಣೆಯನ್ನು ಹಂಚಿಕೊಂಡು, ಅದಕ್ಕಾಗಿ ತಮ್ಮ ತಮ್ಮ ಸಿಬ್ಬಂದಿ, ಸಮಯ ಹಾಗೂ ಸಂಪನ್ಮೂಲಗಳನ್ನು ತೊಡಗಿಸುವುದೇ ಸಹಭಾಗಿತ್ವ. ಇಲ್ಲಿ ಶಾಲೆಯು ಕೇವಲ ಫಲಾನುಭವಿಯಲ್ಲ, ವಿಶ್ವವಿದ್ಯಾಲಯವು ಕೇವಲ ದಾನಿಯಲ್ಲ. ಭಾವೀ ಶಿಕ್ಷಕರು ತರಗತಿಯನ್ನು ನಿಜವಾಗಿ ಕಲಿಯುವುದು ಶಾಲೆಯಲ್ಲೇ ಆದ್ದರಿಂದ, ಕೊಡುವವರ ಸಾಲಿನಲ್ಲಿ ಶಾಲೆಯೂ ನಿಲ್ಲುತ್ತದೆ.

ಹಿನ್ನೆಲೆ

ವಿಶ್ವವಿದ್ಯಾಲಯವು ತನ್ನದೇ ಆದ ಶಾಲೆಯನ್ನು ಹೊಂದಿರುವುದು ಹಳೆಯ ಪದ್ಧತಿ. ಚಿಂತಕ ಜಾನ್ ಡ್ಯೂಯಿ ಅವರು 1896ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಶಾಲೆಯನ್ನು ಆರಂಭಿಸಿದರು. ನಮ್ಮಲ್ಲಿ 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು, ಅಂದರೆ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು, ತನ್ನ ಆವರಣದಲ್ಲೇ ಪ್ರಾತ್ಯಕ್ಷಿಕಾ ಶಾಲೆಯೊಂದನ್ನು ನಡೆಸುತ್ತ ಬಂದಿದೆ. ಇಂತಹ ಶಾಲೆಗಳ ಉಪಯೋಗ ನಿರ್ವಿವಾದ. ಆದರೆ ಆವರಣದೊಳಗಿನ ಶಾಲೆಯಲ್ಲಿ ಯಶಸ್ವಿಯಾದ ವಿಧಾನವು ಒಬ್ಬರೇ ಶಿಕ್ಷಕರು ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಹೇಳುವ ಹಳ್ಳಿಯ ಶಾಲೆಯಲ್ಲಿಯೂ ಯಶಸ್ವಿಯಾಗುತ್ತದೆಂದು ಹೇಳಲಾಗದು.

ಈ ಕೊರತೆಯನ್ನು ನೀಗಿಸಲು ಅಮೆರಿಕದಲ್ಲಿ ಬೇರೊಂದು ಮಾರ್ಗ ರೂಪುಗೊಂಡಿತು. ಸಂಶೋಧನಾ ವಿಶ್ವವಿದ್ಯಾಲಯಗಳ ಶಿಕ್ಷಣ ನಿಕಾಯಗಳ ಮುಖ್ಯಸ್ಥರು ಸೇರಿ ರಚಿಸಿಕೊಂಡಿದ್ದ ಹೋಮ್ಸ್ ಗುಂಪು 1986ರಲ್ಲಿ ಹಾಗೂ 1990ರಲ್ಲಿ ಪ್ರಕಟಿಸಿದ ವರದಿಗಳಲ್ಲಿ, ವೈದ್ಯಕೀಯ ಶಿಕ್ಷಣಕ್ಕೆ ಬೋಧನಾ ಆಸ್ಪತ್ರೆ ಇರುವಂತೆ ಶಿಕ್ಷಕ ಶಿಕ್ಷಣಕ್ಕೆ ವೃತ್ತಿ ವಿಕಾಸ ಶಾಲೆಗಳಿರಬೇಕೆಂದು ಪ್ರತಿಪಾದಿಸಲಾಯಿತು. ಅವು ಹೊಸದಾಗಿ ಕಟ್ಟುವ ಮಾದರಿ ಶಾಲೆಗಳಲ್ಲ. ಈಗಾಗಲೇ ನಡೆಯುತ್ತಿರುವ ಸಾಮಾನ್ಯ ಸಾರ್ವಜನಿಕ ಶಾಲೆಗಳೇ. ಇದಕ್ಕೂ ಮುನ್ನ, 1978ರಲ್ಲಿ, ಯೇಲ್ ವಿಶ್ವವಿದ್ಯಾಲಯ ಹಾಗೂ ಅದು ನೆಲೆಸಿರುವ ನ್ಯೂ ಹೇವನ್ ನಗರದ ಸರ್ಕಾರಿ ಶಾಲೆಗಳ ನಡುವೆ ಶಿಕ್ಷಕರ ಸಂಸ್ಥೆಯೊಂದು ಸ್ಥಾಪಿತವಾಯಿತು. ಅಲ್ಲಿ ಯಾವ ವಿಷಯದ ಮೇಲೆ ವಿಚಾರಗೋಷ್ಠಿ ನಡೆಯಬೇಕೆಂಬುದನ್ನು ಪ್ರಾಧ್ಯಾಪಕರು ನಿರ್ಧರಿಸುವುದಿಲ್ಲ. ಶಾಲಾ ಶಿಕ್ಷಕರ ಅಗತ್ಯವನ್ನು ಶಿಕ್ಷಕ ಪ್ರತಿನಿಧಿಗಳೇ ಕೇಳಿ ತಿಳಿದು ಮುಂದಿಡುತ್ತಾರೆ. ಭಾಗವಹಿಸುವ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಗೆಂದೇ ಪಾಠಘಟಕವೊಂದನ್ನು ಬರೆಯುತ್ತಾರೆ. ಪ್ರಸ್ತಾವನೆ ಬರೆಯುವವರು ಈ ಒಂದು ಅಂಶವನ್ನಾದರೂ ಗಮನಿಸಬೇಕು.

ಮಾನದಂಡಗಳು

ವೃತ್ತಿ ವಿಕಾಸ ಶಾಲೆಗಳ ಅಮೆರಿಕದ ರಾಷ್ಟ್ರೀಯ ಸಂಘವು 2008ರಲ್ಲಿ ಒಂಬತ್ತು ಅತ್ಯಗತ್ಯ ಅಂಶಗಳನ್ನು ಪ್ರಕಟಿಸಿ, 2021ರಲ್ಲಿ ಅವುಗಳನ್ನು ಪರಿಷ್ಕರಿಸಿತು. ಈ ಸಂಘವು ಅನಂತರ ತನ್ನ ಹೆಸರಿನಲ್ಲೇ ಶಾಲೆ–ವಿಶ್ವವಿದ್ಯಾಲಯ ಸಹಭಾಗಿತ್ವ ಎಂಬುದನ್ನು ಸೇರಿಸಿಕೊಂಡಿದೆ. ಅತ್ಯುತ್ತಮ ಸಹಭಾಗಿತ್ವಗಳಿಗೆ ಅದು ನೀಡುವ ಪ್ರಶಸ್ತಿಗೆ ಈ ಅಂಶಗಳೇ ಆಧಾರ. ಪ್ರಶಸ್ತಿಯು ವ್ಯಕ್ತಿಗೂ ಅಲ್ಲ, ಒಂದೇ ಸಂಸ್ಥೆಗೂ ಅಲ್ಲ. ಶಾಲೆ ಮತ್ತು ವಿಶ್ವವಿದ್ಯಾಲಯ ಎರಡಕ್ಕೂ ಸೇರಿ ಸಲ್ಲುತ್ತದೆ.

ಒಂಬತ್ತರಲ್ಲಿ ಮೊದಲನೆಯದು, ಎರಡೂ ಸಂಸ್ಥೆಗಳ ಸ್ವಂತ ಧ್ಯೇಯಕ್ಕಿಂತ ವಿಶಾಲವಾದ ಮತ್ತು ಸಮಾನತೆಯನ್ನು ಒಳಗೊಂಡ ಸಮಾನ ಧ್ಯೇಯ. ಭಾವೀ ಶಿಕ್ಷಕರ ಸಿದ್ಧತೆ, ಪರಸ್ಪರ ವೃತ್ತಿಕಲಿಕೆ, ಹೊಸ ಪ್ರಯೋಗ ಹಾಗೂ ಆತ್ಮಾವಲೋಕನ, ಪರಿಶೀಲನೆಯ ಫಲಿತಾಂಶಗಳನ್ನು ಬಹಿರಂಗವಾಗಿ ಹಂಚಿಕೊಳ್ಳುವುದು ಇವು ಮುಂದಿನವು. ಇವುಗಳ ಬಗ್ಗೆ ವಿವರಣೆ ಬೇಕಿಲ್ಲ. ಎಲ್ಲ ವರದಿಗಳಲ್ಲೂ ಇವು ಇದ್ದೇ ಇರುತ್ತವೆ. ವ್ಯತ್ಯಾಸ ಕಾಣುವುದು ಉಳಿದ ನಾಲ್ಕರಲ್ಲಿ.

ಲಿಖಿತ ಒಪ್ಪಂದದಲ್ಲಿ ಪ್ರತಿಯೊಬ್ಬರ ಪಾತ್ರ ಮತ್ತು ಹೊಣೆ ಸ್ಪಷ್ಟವಾಗಿರಬೇಕು ಎಂಬುದು ಆರನೆಯದು. ಏಳನೆಯದು ಆಡಳಿತ ವ್ಯವಸ್ಥೆ: ನಿರ್ಧಾರ ಕೈಗೊಳ್ಳುವ ಸಮಿತಿಯಲ್ಲಿ ಶಾಲೆಯ ಶಿಕ್ಷಕರು ಕುಳಿತಿದ್ದಾರೆಯೆ, ಅಥವಾ ನಿರ್ಧಾರವಾದ ಮೇಲೆ ಅವರಿಗೆ ಪತ್ರ ಬರುತ್ತದೆಯೆ ಎಂಬುದು ಇಲ್ಲಿನ ಪರೀಕ್ಷೆ. ಎಂಟನೆಯದು ಎರಡೂ ಕಡೆ ಕಾಲಿಡುವ ಹುದ್ದೆಗಳು. ಶಾಲಾ ಶಿಕ್ಷಕರು ವಿಶ್ವವಿದ್ಯಾಲಯದ ತರಗತಿಯಲ್ಲಿ ಬೋಧಿಸುವುದು ಮತ್ತು ಪ್ರಾಧ್ಯಾಪಕರು ಶಾಲೆಯಲ್ಲಿ ನಿಯಮಿತ ಕರ್ತವ್ಯ ಹೊಂದಿರುವುದು ಇದರ ಲಕ್ಷಣ. ಪ್ರಾಧ್ಯಾಪಕರು ಶಾಲೆಗೆ ಹೋಗುವುದು ಎಲ್ಲೆಡೆ ಕಾಣುತ್ತದೆ. ಶಾಲಾ ಶಿಕ್ಷಕರನ್ನು ವಿಶ್ವವಿದ್ಯಾಲಯವು ಪಾಠ ಹೇಳಲು ಕರೆಯುವುದು ಅಪರೂಪ. ಪರಿಶೀಲಕರು ಬೇರೇನನ್ನೂ ನೋಡಲು ಸಮಯವಿಲ್ಲದಿದ್ದರೆ ಇದೊಂದನ್ನು ನೋಡಿದರೂ ಸಾಕೆಂದು ಹೇಳಬಹುದು. ಒಂಬತ್ತನೆಯದು ಸಂಪನ್ಮೂಲ ಮತ್ತು ಮನ್ನಣೆ. ಶಾಲೆಯಲ್ಲಿ ದುಡಿದ ಪ್ರಾಧ್ಯಾಪಕರ ಆ ಕೆಲಸವನ್ನು ಅವರ ಪದೋನ್ನತಿಯಲ್ಲಿ ಪರಿಗಣಿಸಲಾಗುವುದೆ? ಪ್ರಶಿಕ್ಷಣಾರ್ಥಿಗಳಿಗೆ ಮಾರ್ಗದರ್ಶನ ನೀಡಿದ ಶಿಕ್ಷಕರಿಗೆ ಗೌರವಧನವೊ, ಪ್ರಮಾಣಪತ್ರವೊ, ಪಾಠದ ಅವಧಿಯಲ್ಲಿ ರಿಯಾಯಿತಿಯೊ ದೊರೆಯುವುದೆ?

ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ

ನಮ್ಮ ದೇಶದ ಉದಾಹರಣೆಗಳಲ್ಲಿ ಇದಕ್ಕೆ ಸರಿಸಾಟಿಯಾದುದು ಬಹಳ ಇಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ನೀಡಲಾಗಿದೆ. ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯಲ್ಲಿ (2022ರಿಂದ ನರ್ಮದಾಪುರಂ) 1972ರಲ್ಲಿ ರಾಜ್ಯ ಸರ್ಕಾರದ ಅನುಮತಿಯೊಂದಿಗೆ 16 ಮಾಧ್ಯಮಿಕ ಶಾಲೆಗಳಲ್ಲಿ ಈ ಕಾರ್ಯಕ್ರಮ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ಇದರ ಹೊಣೆ ಹೊತ್ತವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೊದಲಿಗೆ ಕೈಜೋಡಿಸಿದರು; 1973ರಿಂದ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರ ತಂಡವೊಂದು ಸೇರಿಕೊಂಡಿತು. ಅಧ್ಯಾಪಕರು ಕ್ಷೇತ್ರಕ್ಕೆ ಬಂದು ಕೆಲಸ ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗವು ಫೆಲೋಶಿಪ್ ನೆರವು ನೀಡಿತು. ಹಳ್ಳಿಯ ಮಾಧ್ಯಮಿಕ ಶಾಲೆಯಲ್ಲಿ ಮಾಡುವ ಕೆಲಸವೂ ವಿಶ್ವವಿದ್ಯಾಲಯದ ಕೆಲಸವೇ ಎಂಬುದಕ್ಕೆ ಇದೇ ಒಂದು ಮನ್ನಣೆಯಾಗಿತ್ತು.

6ರಿಂದ 8ನೆಯ ತರಗತಿಯ ಮಕ್ಕಳು ವಿಜ್ಞಾನವನ್ನು ಬಾಯಿಪಾಠ ಮಾಡುವ ಬದಲು, ನಾಲ್ಕು ನಾಲ್ಕು ಮಂದಿಯ ಗುಂಪುಗಳಲ್ಲಿ ಕುಳಿತು ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದುಕೊಂಡು, ಚರ್ಚಿಸಿ ತೀರ್ಮಾನಕ್ಕೆ ಬರಬೇಕೆಂಬುದು ಇದರ ತಿರುಳು. ಪ್ರಯೋಗ ಸಾಮಗ್ರಿಯ ಪೆಟ್ಟಿಗೆಯನ್ನು ಶಾಲೆಗಳಿಗೆ ಒದಗಿಸಲಾಯಿತು. ‘ಬಾಲ ವೈಜ್ಞಾನಿಕ’ ಎಂಬ ಹಿಂದಿ ಕಾರ್ಯಪುಸ್ತಕವನ್ನು ವಿಜ್ಞಾನಿಗಳು, ಅಧ್ಯಾಪಕರು ಹಾಗೂ ಶಾಲಾ ಶಿಕ್ಷಕರು ಕೂಡಿ ರಚಿಸಿದರು. ತರಗತಿಯಲ್ಲಿ ನಡೆಯದ ಪ್ರಯೋಗವನ್ನು ಶಿಕ್ಷಕರು ಹೇಳಿದರೆ ಮುಂದಿನ ಆವೃತ್ತಿಯಲ್ಲಿ ಅದು ತಿದ್ದುಪಡಿಯಾಗುತ್ತಿತ್ತು. ಬೇಸಿಗೆಯಲ್ಲಿ ವಾರಗಟ್ಟಲೆ ತರಬೇತಿ, ವರ್ಷದುದ್ದಕ್ಕೂ ಮಾಸಿಕ ಸಭೆ, ಶಾಲೆಗೇ ಬಂದು ನೋಡುವ ಅನುಸರಣಾ ಭೇಟಿ, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಅದರೊಂದಿಗೆ ಪ್ರಾಯೋಗಿಕ ಪರೀಕ್ಷೆ ಇವೆಲ್ಲವೂ ಒಂದೇ ವ್ಯವಸ್ಥೆಯ ಭಾಗಗಳಾಗಿದ್ದವು. ಪರೀಕ್ಷಾ ವಿಧಾನವನ್ನು ಬದಲಿಸದೆ ಬೋಧನಾ ವಿಧಾನವನ್ನು ಮಾತ್ರ ಬದಲಿಸುವ ಯೋಜನೆಗಳು ಏಕೆ ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿಂದ ತಿಳಿಯಬಹುದು.

1978ರಲ್ಲಿ ಕಾರ್ಯಕ್ರಮವನ್ನು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ವಿಸ್ತರಿಸಲಾಯಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆಯು ಇದರ ನಿರ್ವಹಣೆಯನ್ನು ವಹಿಸಿಕೊಂಡು ಇತರ ಜಿಲ್ಲೆಗಳಿಗೂ ಕೊಂಡೊಯ್ದಿತು. ಶಾಲೆಗಳ ಸಂಖ್ಯೆ ಸಾವಿರದ ಆಸುಪಾಸಿಗೆ ಬೆಳೆಯಿತು. 2002ರಲ್ಲಿ ರಾಜ್ಯ ಸರ್ಕಾರವು ಕಾರ್ಯಕ್ರಮವನ್ನು ನಿಲ್ಲಿಸಿತು. ದೇಶದ ಅನೇಕ ವಿಜ್ಞಾನಿಗಳೂ ಶಿಕ್ಷಣ ತಜ್ಞರೂ ಆಕ್ಷೇಪಿಸಿದರೂ ನಿರ್ಧಾರ ಬದಲಾಗಲಿಲ್ಲ.

ಮೂವತ್ತು ವರ್ಷ ನಡೆದು, ಪ್ರಶಂಸೆಯನ್ನೂ ಪಡೆದ ಸಹಭಾಗಿತ್ವವು ಒಂದು ಆದೇಶದಿಂದ ನಿಂತುಹೋಗಬಹುದು. ಪ್ರಶಂಸೆಯು ಕಾರ್ಯಕ್ರಮಕ್ಕೆ ರಕ್ಷಣೆಯಲ್ಲ. ಆದ್ದರಿಂದ ಒಂದು ಸಹಭಾಗಿತ್ವವನ್ನು ಪರಿಶೀಲಿಸುವಾಗ, ಅದು ನಾಳೆ ನಿಂತರೆ ಶಾಲೆಯಲ್ಲಿ ಏನು ಉಳಿಯುತ್ತದೆ ಎಂದು ಕೇಳುವುದು ಅವಶ್ಯ. ಹೋಶಂಗಾಬಾದಿನಲ್ಲಿ ಉಳಿದದ್ದು ಪ್ರಯೋಗ ಮಾಡಿಸಿ ಪಾಠ ಹೇಳಬಲ್ಲ ಶಿಕ್ಷಕರು ಮತ್ತು ಪುಸ್ತಕಗಳು. ಉಳಿಯದೇ ಹೋದದ್ದು ಮಾಸಿಕ ಸಭೆ, ಅನುಸರಣೆ ಮತ್ತು ಪರೀಕ್ಷಾ ವಿಧಾನ.

ಕರ್ನಾಟಕದಲ್ಲಿನ ಅವಕಾಶಗಳು

ನಮ್ಮ ಶಾಲೆಗಳಿಗೆ ಅತ್ಯಂತ ಪರಿಚಿತವಾದ ಸಂಪರ್ಕವೆಂದರೆ ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಶಾಲಾ ಇಂಟರ್ನ್‌ಶಿಪ್. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ವಿನಿಯಮಗಳು ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ಹೆಚ್ಚಿಸಿ, ಶಾಲೆಗಳಲ್ಲಿನ ಅನುಭವಕ್ಕೆ ಒಟ್ಟು 20 ವಾರಗಳನ್ನು ನಿಗದಿಪಡಿಸಿದವು. ಈ ಪೈಕಿ 16 ವಾರಗಳು ಎರಡನೆಯ ವರ್ಷದಲ್ಲಿ ಬರುತ್ತವೆ. ಹದಿನಾರು ವಾರ ಎಂದರೆ ಸುಮಾರು ನಾಲ್ಕು ತಿಂಗಳು. ಇದು ಮಕ್ಕಳ ಶಾಲಾ ವರ್ಷದ ಸಣ್ಣ ಭಾಗವೇನಲ್ಲ. ಪ್ರಶಿಕ್ಷಣಾರ್ಥಿಗಳು ಬಂದರೆಂದು ವಿಷಯ ಶಿಕ್ಷಕರನ್ನು ಬೇರೆ ಕೆಲಸಕ್ಕೆ ನಿಯೋಜಿಸುವುದು, ಒಂದೇ ಪಾಠವನ್ನು ಇಬ್ಬರು ಮೂವರು ಮಾಡುವುದು, ಎಸ್.ಎಸ್.ಎಲ್.ಸಿ. ಮಕ್ಕಳ ಪುನರಾವರ್ತನೆಯ ಅವಧಿಗಳು ಪಾಠ ಯೋಜನೆಯ ದಾಖಲೆಗಾಗಿ ಬಳಕೆಯಾಗುವುದು ಇಂತಹ ಸಂದರ್ಭಗಳಲ್ಲಿ ನಷ್ಟವಾಗುವುದು ಮಕ್ಕಳಿಗೆ, ಮತ್ತು ಅದು ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ, ವಿಷಯ ಶಿಕ್ಷಕರು ತರಗತಿಯಲ್ಲೇ ಇದ್ದು ಪ್ರಶಿಕ್ಷಣಾರ್ಥಿಯೊಂದಿಗೆ ಪಾಠ ಹಂಚಿಕೊಂಡರೆ, ಓದಿನಲ್ಲಿ ಹಿಂದುಳಿದ ಐದಾರು ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಕಲಿಸಲು ಇನ್ನೊಬ್ಬ ಕಲಿತವರು ದೊರೆತಂತಾಗುತ್ತದೆ. ಉತ್ತಮ ಸಹಭಾಗಿತ್ವಕ್ಕೂ ಕೇವಲ ಕಡ್ಡಾಯ ಪೂರೈಕೆಗೂ ಇರುವ ಅಂತರ ಇಷ್ಟೇ, ಮತ್ತು ಇದಕ್ಕೆ ಹೆಚ್ಚುವರಿ ಅನುದಾನ ಬೇಕಾಗಿಲ್ಲ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು 2015ರ ಜುಲೈ 9ರಂದು ಉದ್ಘಾಟಿಸಿದ ರಾಷ್ಟ್ರೀಯ ಆವಿಷ್ಕಾರ ಅಭಿಯಾನವು, ವಿಜ್ಞಾನ, ಗಣಿತ ಮತ್ತು ತಂತ್ರಜ್ಞಾನದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳು ಶಾಲೆಗಳಿಗೆ ಮಾರ್ಗದರ್ಶನ ನೀಡಬೇಕೆಂಬ ಆಶಯವನ್ನು ಹೊಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ತನ್ನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ಪ್ರಯೋಗಾಧಾರಿತ ತರಬೇತಿ ನೀಡುತ್ತ ಬಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ವಿದ್ಯಾಂಜಲಿ 2.0 ಜಾಲತಾಣದ ಮೂಲಕ ಶಾಲೆಗಳು ತಮಗೆ ಬೇಕಾದ ಸೇವೆಯನ್ನು ನಮೂದಿಸಿ ಸ್ವಯಂಸೇವಕರಿಂದ ನೆರವು ಪಡೆಯಬಹುದು.

ಈಗಿರುವ ಮನ್ನಣೆಯ ಸ್ವರೂಪ

1958ರಲ್ಲಿ ಸ್ಥಾಪಿತವಾದ ರಾಷ್ಟ್ರ ಶಿಕ್ಷಕ ಪ್ರಶಸ್ತಿಯು ವ್ಯಕ್ತಿಗತವಾದುದು. 2018ರಿಂದ ಶಿಕ್ಷಕರೇ ನೇರವಾಗಿ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಯಿತು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದಂತೆ, 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, 2017ರ ಪರಿಷ್ಕೃತ ಚೌಕಟ್ಟಿನ ಏಳು ಮಾನದಂಡಗಳಲ್ಲಿ ವಿಸ್ತರಣಾ ಕಾರ್ಯಕ್ಕೆ ಮೂರನೆಯದರಲ್ಲಿಯೂ ಉತ್ತಮ ರೂಢಿಗಳಿಗೆ ಏಳನೆಯದರಲ್ಲಿಯೂ ಸ್ಥಾನ ನೀಡಿತ್ತು. ಹಲವು ಕಾಲೇಜುಗಳು ಶಾಲೆಗಳೊಂದಿಗಿನ ಕಾರ್ಯವನ್ನು ಅಲ್ಲಿ ದಾಖಲಿಸಿವೆ. ಎರಡರ ನಡುವಿನ ತೆರವು ಗಮನಾರ್ಹ. ಒಂದು ಮನ್ನಣೆ ಶಿಕ್ಷಕರೊಬ್ಬರಿಗೆ ಸಲ್ಲುತ್ತದೆ, ಇನ್ನೊಂದರ ಅಂಕ ಕಾಲೇಜಿಗೆ ಸಲ್ಲುತ್ತದೆ. ಬಾಗಿಲು ತೆರೆದು, ಕೊಠಡಿ ಬಿಟ್ಟುಕೊಟ್ಟು, ತನ್ನ ಮಕ್ಕಳನ್ನು ನಂಬಿ ಒಪ್ಪಿಸಿದ ಶಾಲೆಯ ಹೆಸರು ವರದಿಯಲ್ಲಿ ಹಲವು ವೇಳೆ ‘ಸಮೀಪದ ಸರ್ಕಾರಿ ಶಾಲೆ’ ಎಂದಷ್ಟೇ ಇರುತ್ತದೆ. ಕಾಲೇಜುಗಳು ಶಾಲೆಯ ಪೂರ್ಣ ಹೆಸರು ಹಾಗೂ ಮಾರ್ಗದರ್ಶನ ನೀಡಿದ ಶಿಕ್ಷಕರ ಹೆಸರನ್ನು, ಅವರ ಒಪ್ಪಿಗೆ ಪಡೆದು, ವರದಿಯಲ್ಲಿ ನಮೂದಿಸುವುದು ಸೂಕ್ತ.

ಪ್ರಸ್ತಾವನೆ ಅಥವಾ ಶಿಫಾರಸು ಸಿದ್ಧಪಡಿಸುವವರಿಗೆ

ಪ್ರಸ್ತಾವನೆಯನ್ನು ಎರಡೂ ಸಂಸ್ಥೆಗಳ ಮುಖ್ಯಸ್ಥರು ಜಂಟಿಯಾಗಿ ಸಹಿ ಮಾಡಿ ಸಲ್ಲಿಸುವುದು ಒಳಿತು. ಕಾಲೇಜು ಬರೆದು ಶಾಲೆಯು ಸಹಿ ಮಾತ್ರ ಹಾಕಿದ ಪ್ರಸ್ತಾವನೆಯನ್ನು ಅನುಭವಿ ಪರಿಶೀಲಕರು ಮೊದಲ ಪುಟದಲ್ಲೇ ಗುರುತಿಸುತ್ತಾರೆ. ಒಪ್ಪಂದ ಪತ್ರದ ಪ್ರತಿ, ಜಂಟಿ ಸಭೆಗಳ ನಡಾವಳಿ, ಶಾಲಾಭಿವೃದ್ಧಿ ಸಮಿತಿಯ ಠರಾವು, ಕಾರ್ಯಕ್ಕೆ ಮುನ್ನ ಮತ್ತು ಅನಂತರ ಮಕ್ಕಳ ಕಲಿಕೆಯ ದಾಖಲೆ ಇವುಗಳನ್ನು ಲಗತ್ತಿಸಬೇಕು. ಉದ್ಘಾಟನೆಯ ಛಾಯಾಚಿತ್ರಗಳು ಹಾಗೂ ಪತ್ರಿಕಾ ತುಣುಕುಗಳು ದಾಖಲೆಗಳಾಗುವುದಿಲ್ಲ. ಅವುಗಳಿಂದ ಕಡತದ ಗಾತ್ರ ಹೆಚ್ಚುತ್ತದೆ, ಅಷ್ಟೆ.

ಕಲಿಕೆಯ ದಾಖಲೆಯ ಬಗ್ಗೆ ಒಂದು ಮಾತು. ಶೇಕಡಾವಾರು ಫಲಿತಾಂಶ ಏರಿತೆಂದು ಬರೆಯುವಾಗ, ಎಷ್ಟು ಮಕ್ಕಳಲ್ಲಿ ಎಷ್ಟು ಎಂಬುದನ್ನೂ ಬರೆಯತಕ್ಕದ್ದು. ಹನ್ನೆರಡು ಮಕ್ಕಳ ತರಗತಿಯಲ್ಲಿ ಒಂದು ಮಗು ಹೆಚ್ಚು ತೇರ್ಗಡೆಯಾದರೆ ಫಲಿತಾಂಶವು ಶೇಕಡಾ ಎಂಟರಷ್ಟು ಏರುತ್ತದೆ. ವಿಫಲವಾದ ಪ್ರಯತ್ನಗಳನ್ನು ಬಚ್ಚಿಡುವ ಅಗತ್ಯವಿಲ್ಲ. ಯಾವುದು ನಡೆಯಲಿಲ್ಲ, ಏಕೆ ನಡೆಯಲಿಲ್ಲ, ಅನಂತರ ಏನು ಬದಲಿಸಲಾಯಿತು ಎಂಬ ಅರ್ಧ ಪುಟವು ಉಳಿದ ಹತ್ತು ಪುಟಗಳಿಗಿಂತ ಹೆಚ್ಚಿನ ನಂಬಿಕೆಯನ್ನು ಗಳಿಸುತ್ತದೆ.

ಪೋಷಕರು ಕೇಳಬಹುದಾದುದು

ಬಿ.ಇಡಿ. ಪ್ರಶಿಕ್ಷಣಾರ್ಥಿ ಪಾಠ ಮಾಡುವಾಗ ನಮ್ಮ ಶಿಕ್ಷಕರು ತರಗತಿಯಲ್ಲಿ ಇರುತ್ತಾರೆಯೆ? ತಪ್ಪಿಹೋದ ಪಾಠವನ್ನು ಯಾರು ಮಾಡುತ್ತಾರೆ? ಸಂಶೋಧನೆಗಾಗಿ ಮಕ್ಕಳಿಂದ ಮಾಹಿತಿ ಪಡೆಯುವುದಾದರೆ ಅದಕ್ಕೆ ನಮ್ಮ ಲಿಖಿತ ಒಪ್ಪಿಗೆ ಕೇಳಲಾಗುತ್ತದೆಯೆ, ಒಪ್ಪದಿದ್ದರೆ ಮಗುವಿಗೆ ತೊಂದರೆಯಾಗದೆ? ಸಂಶೋಧನೆಯ ಫಲಿತಾಂಶವನ್ನು ನಮಗೆ ಕನ್ನಡದಲ್ಲಿ ತಿಳಿಸಲಾಗುತ್ತದೆಯೆ? ಈ ಪ್ರಶ್ನೆಗಳನ್ನು ಸಮಿತಿಯ ಸಭೆಯಲ್ಲಿ ಕೇಳುವುದು ಪೋಷಕರ ಹಕ್ಕಿಗೆ ಸೇರಿದೆ, ಮತ್ತು ಕೇಳಿದ ಪ್ರಶ್ನೆಯನ್ನೂ ನೀಡಿದ ಉತ್ತರವನ್ನೂ ನಡಾವಳಿಯಲ್ಲಿ ದಾಖಲಿಸುವಂತೆ ಕೋರಬಹುದು. 2009ರ ಮಕ್ಕಳ ಶಿಕ್ಷಣ ಹಕ್ಕು ಅಧಿನಿಯಮದ 21ನೆಯ ಪ್ರಕರಣವು, ಅನುದಾನರಹಿತ ಖಾಸಗಿ ಶಾಲೆಗಳನ್ನು ಹೊರತುಪಡಿಸಿ, ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ಪೋಷಕರೇ ಇರಬೇಕೆಂದು ವಿಧಿಸಿದೆ.

ಮಾಹಿತಿ ಪಡೆಯುವ ವಿಧಾನ

ಸರ್ಕಾರಿ ಶಾಲೆ ಅಥವಾ ಸರ್ಕಾರಿ ವಿಶ್ವವಿದ್ಯಾಲಯವು ಮಾಡಿಕೊಂಡಿರುವ ಒಪ್ಪಂದದ ಪ್ರತಿಯನ್ನು ಮೊದಲು ಮುಖ್ಯೋಪಾಧ್ಯಾಯರಲ್ಲಿ ಅಥವಾ ಕುಲಸಚಿವರ ಕಚೇರಿಯಲ್ಲಿ ಕೇಳಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಇದರಲ್ಲೇ ಕೆಲಸವಾಗುತ್ತದೆ. ದೊರೆಯದಿದ್ದಲ್ಲಿ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ, ಅನಂತರದ 30 ದಿನಗಳೊಳಗೆ ಅದೇ ಪ್ರಾಧಿಕಾರದ ಮೊದಲ ಮೇಲ್ಮನವಿ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಹೊಸದಾಗಿ ಸಹಭಾಗಿತ್ವವನ್ನು ಆರಂಭಿಸಲು ಇಚ್ಛಿಸುವ ಶಾಲೆಗಳು ತಮ್ಮ ಅಗತ್ಯವನ್ನು ಒಂದು ಪುಟದಲ್ಲಿ ಬರೆದು, ಸಮಿತಿಯ ಠರಾವಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಅಥವಾ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು ಸಂಪರ್ಕಿಸಬಹುದು. ಅಗತ್ಯವು ನಿರ್ದಿಷ್ಟವಾಗಿರಲಿ: ‘ಗುಣಮಟ್ಟ ಸುಧಾರಣೆ’ ಎಂದು ಬರೆಯುವ ಬದಲು, ‘ಆರನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಅರ್ಥವಾಗುತ್ತಿಲ್ಲ, ಗಣಿತ ಶಿಕ್ಷಕರ ಹುದ್ದೆ ಖಾಲಿ ಇದೆ’ ಎಂದು ಬರೆದರೆ ಯಾವ ವಿಭಾಗವನ್ನು ಸಂಪರ್ಕಿಸಬೇಕೆಂಬುದು ಕಚೇರಿಗೆ ಕೂಡಲೇ ತಿಳಿಯುತ್ತದೆ.